ಗೆದ್ದ ಸ್ಥಾನವನ್ನು ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟದ್ದು ಸರಿಯೇ?

ಪರ

1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಚಂದ್ರೇಗೌಡರನ್ನು ಹಲವರು ಸೀಟು ಬಿಟ್ಟವರೆಂದಷ್ಟೇ ನೆನೆಯುತ್ತಾರೆ. ಇದು ಅನ್ಯಾಯ. 1971 ಮತ್ತು 1977ರಲ್ಲಿ ಸತತವಾಗಿ ಗೆದ್ದು ದೆಹಲಿಯಲ್ಲಿ ನೆಲೆ ಕಂಡಿದ್ದ ಅವರು, ರಾಯ್‌ಬರೇಲಿಯಲ್ಲಿ ಸೋತು ಅಧಿಕಾರ ಕಳೆದುಕೊಂಡಿದ್ದ ನಾಯಕಿಗಾಗಿ ಆ ಸ್ಥಾನವನ್ನು ತೊರೆದರು. ಗೆದ್ದವರ ಹಿಂದೆ ಓಡುವವರನ್ನು ದಿನವೂ ಕಾಣುತ್ತೇವೆ. ಸೋತವರ ಕೈ ಹಿಡಿದವರು ಎಷ್ಟು ಮಂದಿ?

ಮತದಾರರನ್ನು ಕೇಳಲಿಲ್ಲ ಎನ್ನುವವರು ಮಲೆನಾಡಿನ ಜನರನ್ನು ಹೇಳಿದ ಕಡೆ ಮುದ್ರೆ ಒತ್ತುವವರೆಂದು ತಿಳಿದಂತಿದೆ. ಆ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಅವರ ಎದುರು ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ನಮ್ಮ ದೊಡ್ಡಮ್ಮ ಆಗ ಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ಕೂಲಿಗೆ ಹೋಗುತ್ತಿದ್ದರು. ಲೈನ್‌ಮನೆಗಳ ಹೆಂಗಸರೆಲ್ಲ ಆ ದಿನದ ಕೆಲಸ ಬಿಟ್ಟು, ಕೂಲಿ ಹೋದರೂ ಹೋಗಲೆಂದು ಲಾರಿ ಹತ್ತಿ ಭಾಷಣ ಕೇಳಲು ಹೋದರಂತೆ. ಜನಸಂದಣಿಯ ಹಿಂದೆ ನಿಂತವರಿಗೆ ತಲೆಯ ಮೇಲೆ ಹೊದ್ದ ಸೆರಗಷ್ಟೇ ಕಂಡಿತಂತೆ, ಮಾತು ಒಂದೂ ತಿಳಿಯಲಿಲ್ಲವಂತೆ. ಆದರೂ ಅದುವರೆಗೆ ರಾಜಕೀಯ ಗಂಡಸರ ವಿಷಯವೆಂದು ಸುಮ್ಮನಿದ್ದ ದೊಡ್ಡಮ್ಮ ಅಲ್ಲಿಂದ ಮುಂದೆ ಯಾವ ಚುನಾವಣೆಯಲ್ಲೂ ಮತ ತಪ್ಪಿಸಲಿಲ್ಲ, ಯಾರಿಗೆ ಹಾಕಿದೆನೆಂದು ದೊಡ್ಡಪ್ಪನಿಗೂ ಹೇಳಲಿಲ್ಲ. ದೇಶವೇ ತಿರುಗಿ ನೋಡಿದ ಆ ಚುನಾವಣೆ ನಮ್ಮ ಊರುಗಳಿಗೆ ಬಂದದ್ದು ಚಂದ್ರೇಗೌಡರ ರಾಜೀನಾಮೆಯಿಂದ. ಮುಂದೆ ತೀರ್ಥಹಳ್ಳಿಯಿಂದ ಗೆದ್ದು ವಿಧಾನಸಭಾಧ್ಯಕ್ಷರಾಗಿ, ರಾಜ್ಯ ಮತ್ತು ಕೇಂದ್ರದ ನಾಲ್ಕೂ ಸದನಗಳಲ್ಲಿ ಕುಳಿತ ಅವರನ್ನು ಅವಕಾಶವಾದಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ವಿರೋಧ

ಚಂದ್ರೇಗೌಡರ ಸಂಸದೀಯ ಅನುಭವದ ಬಗ್ಗೆ ನನಗೂ ಗೌರವವಿದೆ. 1999ರ ನಂತರ ಕಾನೂನು ಸಚಿವರಾಗಿಯೂ ಅವರು ಹೆಸರು ಗಳಿಸಿದರು. ಆದರೆ ಇಲ್ಲಿರುವ ಪ್ರಶ್ನೆ ಆ ಒಂದು ರಾಜೀನಾಮೆಯದು. ಲೋಕಸಭಾ ಸ್ಥಾನವು ಕ್ಷೇತ್ರದ ಜನರು ಅವಧಿ ಪೂರ್ತಿ ವಹಿಸಿಕೊಟ್ಟ ಹೊಣೆಯೇ ಹೊರತು ನಾಯಕರಿಗೆ ಕೊಡಬಹುದಾದ ಕಾಣಿಕೆಯಲ್ಲ. ನವೆಂಬರಿನಲ್ಲಿ ಆಯ್ಕೆಯಾದ ಇಂದಿರಾ ಅವರನ್ನು ಹಕ್ಕುಚ್ಯುತಿಯ ಆರೋಪದ ಮೇಲೆ ಡಿಸೆಂಬರಿನಲ್ಲೇ ಲೋಕಸಭೆಯಿಂದ ಉಚ್ಚಾಟಿಸಲಾಯಿತು. ಆ ಕ್ರಮ ಸರಿಯಲ್ಲವೆಂದೇ ಇಟ್ಟುಕೊಂಡರೂ, ಅದರಿಂದ ಪ್ರತಿನಿಧಿಯನ್ನು ಕಳೆದುಕೊಂಡದ್ದು ಚಿಕ್ಕಮಗಳೂರು.

ನಿಷ್ಠೆಯ ಮಾತಿಗೂ ಮಿತಿಯಿದೆ. ಮರುವರ್ಷ ದೇವರಾಜ ಅರಸು ಅವರು ಇಂದಿರಾ ಅವರಿಂದ ದೂರವಾದಾಗ ಚಂದ್ರೇಗೌಡರು ಅರಸು ಅವರ ಕಡೆಗೆ ನಿಂತರು. ಅಲ್ಲಿಂದ ಜನತಾ ಪರಿವಾರ, ಮತ್ತೆ ಕಾಂಗ್ರೆಸ್, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರ. ಇಂದಿರಾ ಅವರೂ 1980ರ ಚುನಾವಣೆಗೆ ರಾಯ್‌ಬರೇಲಿ ಮತ್ತು ಮೇದಕ್ ಕ್ಷೇತ್ರಗಳನ್ನು ಆರಿಸಿಕೊಂಡರು, ಚಿಕ್ಕಮಗಳೂರನ್ನಲ್ಲ.