ಕೇದರ್ ಹಿಡಿಯಲು ಲಕ್ಷದ ರೀಲು ಯಾಕೆ ಮಾರಾಯ್ರೆ?

ನಿನ್ನೆಯಿಂದ ಹೊಟ್ಟೆ ಉರಿಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ತಾಳ್ಮೆ ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಬೇಸರವಿಲ್ಲ.

ನಮ್ಮ ಗಾಳದ ಗುಂಪಿಗೆ ಹೊಸದಾಗಿ ಸೇರಿದ ಹುಡುಗ ನಿನ್ನೆ ಸಂಜೆ ಮನೆಗೆ ಬಂದಿದ್ದ. ಬಗಲಲ್ಲಿ ದೊಡ್ಡ ಡಬ್ಬಿ. "ಅಣ್ಣಾ, ಆಗಸ್ಟಿಗೆ ಟ್ಯೂನಾಕ್ಕೆ ಹೋಗುವಾ. ಟ್ರೋಲಿಂಗ್ ಸೆಟ್ ತೆಗೊಂಡೆ" ಎಂದ. ಟ್ರೋಲಿಂಗ್ ಎಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆಯುವುದು. ನಮ್ಮ ಕೇದರ್ ಕೂಡ ಟ್ಯೂನಾವೇ, ಸಣ್ಣ ಜಾತಿಯದ್ದು. ತೆರೆದು ನೋಡಿದರೆ 80 ನಂಬರಿನ ಎರಡು ಗೇರಿನ ರೀಲು, ಅಂದರೆ ಗಾಳದ ದಾರ ಸುತ್ತುವ ರಾಟೆ. ಬಂಗಾರದ ಬಣ್ಣ. ಅದಕ್ಕೆ ತಕ್ಕ ರೋಲರ್ ಇರುವ ರಾಡು. ಸೊಂಟಕ್ಕೆ ಕಟ್ಟುವ ಬೆಲ್ಟು. ಬಿಲ್ಲು ಲಕ್ಷ ದಾಟಿದೆ. ಅದರಲ್ಲಿ ಅರ್ಧ ಇಎಂಐ. ಮಾರಿದ ಅಂಗಡಿ ಯಾವುದು ಎಂದು ಕೇಳಬೇಡಿ, ಹೇಳುವುದಿಲ್ಲ.

ಈಗ ದೋಣಿಯ ವಿಷಯ ಕೇಳಿ. ಅವನ ಮಾವನ ಫೈಬರ್ ನಾಡದೋಣಿ. ಹಿಂದೆ 9.9 ಎಚ್‌ಪಿ ಎಂಜಿನ್. ಆ ರಾಡನ್ನು ಊರಿ ನಿಲ್ಲಿಸಲು ಅದರಲ್ಲಿ ಒಂದು ಗಟ್ಟಿ ಜಾಗ ಇಲ್ಲ. ಆ ಜಾತಿಯ ರೀಲು ಹುಟ್ಟಿದ್ದೇ ನೆಲಕ್ಕೆ ಬೋಲ್ಟ್ ಹಾಕಿದ ಕುರ್ಚಿಯಲ್ಲಿ ಕೂತು ಹಿಡಿಯುವ ದೈತ್ಯ ಮೀನುಗಳಿಗೆ. ಇವನು ಕೂರುವುದು ಐಸ್ ಪೆಟ್ಟಿಗೆಯ ಮೇಲೆ.

80 ಎಂದರೆ ದಾರದ ತಾಕತ್ತು, ಪೌಂಡ್ ಲೆಕ್ಕದಲ್ಲಿ. ಕೆಜಿಗೆ ತಿರುಗಿಸಿದರೆ 36 ಚಿಲ್ಲರೆ. ಮೀನು ಎಳೆದಾಗ ದಾರವನ್ನು ಬಿಗಿಹಿಡಿದು ಬಿಡುವ ರೀಲಿನ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ಅದನ್ನು ಸಾಮಾನ್ಯವಾಗಿ ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡುತ್ತಾರೆ. ಅಂದರೆ 9ರಿಂದ 12 ಕೆಜಿ ಎಳೆತ. ನಮ್ಮ ದಡದಿಂದ ಸಣ್ಣ ದೋಣಿಯಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಗಾಳಕ್ಕೆ ಸಿಗುವುದು ಯಾವುದು? ಹೆಚ್ಚಾಗಿ ಕೇದರ್. ಬೆನ್ನ ಮೇಲೆ ಓರೆಕೋರೆ ಗೆರೆ, ಎದೆರೆಕ್ಕೆಯ ಕೆಳಗೆ ನಾಲ್ಕಾರು ಕಪ್ಪು ಚುಕ್ಕಿ ಇರುತ್ತದಲ್ಲ, ಅದೇ. ಎರಡು ಕೆಜಿ, ಮೂರು ಕೆಜಿ. ಅದೃಷ್ಟ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಆ ಮೀನಿಗೆ 12 ಕೆಜಿ ಡ್ರ್ಯಾಗ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಮೀನು ಓಡುವುದೇ ಇಲ್ಲ. ನೀರಿನ ಮೇಲೆ ಜಾರಿಕೊಂಡು ಬರುತ್ತದೆ. ಇಲ್ಲವಾದರೆ ಬಾಯಿ ಹರಿದು ಗಾಳ ಮಾತ್ರ ಬರುತ್ತದೆ.

ಇನ್ನೊಂದು ತಮಾಷೆ ಉಂಟು. ಮಾರ್ಕೆಟ್ಟಿನಲ್ಲಿ ದುಬಾರಿ ಮೀನು ಅಂಜಲ್‌ನ ರೇಟು ಎಷ್ಟು, ಕೇದರ್‌ನ ರೇಟು ಎಷ್ಟು ಎಂದು ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲೇ ಕೇದರ್ ತಂದರೆ "ರಕ್ತದ ಮೀನು, ಯಾರು ತಿನ್ನುವುದು?" ಎಂಬ ಮಾತು ಬರುತ್ತದೆ. ನಾನೂ ನಾಲ್ಕು ತುಂಡಿಗಿಂತ ಜಾಸ್ತಿ ತಿನ್ನುವವನಲ್ಲ. ಅಂಥ ಮೀನಿಗೆ ಲಕ್ಷ ರೂಪಾಯಿ ಸಾಲ!

ಟ್ರೋಲಿಂಗ್ ಎಂದರೇನು ಎಂಬುದನ್ನೇ ಅಂಗಡಿಯವರು ಮರೆಸಿಬಿಡುತ್ತಾರೆ. ದೋಣಿ ಓಡುತ್ತದೆ, ಹಿಂದೆ ದಾರದಲ್ಲಿ ಸುಳ್ಳುಮೀನು, ಅಂದರೆ ಗಾಳ ಸಿಕ್ಕಿಸಿದ ನಕಲಿ ಮೀನು, ಓಡುತ್ತದೆ. ಅಷ್ಟೇ. ದೂರ ಎಸೆಯಬೇಕಾಗಿಲ್ಲ. ಕೈಚಳಕ ಬೇಡ. ಕೆಲಸ ಮಾಡುವುದು ದೋಣಿ. ಗಂಟೆಗೆ ಆರೇಳು ನಾಟಿಕಲ್ ಮೈಲಿ, ಅಂದರೆ 11ರಿಂದ 13 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಹಕ್ಕಿಗಳು ಎಲ್ಲಿ ಮುಗಿಬೀಳುತ್ತಿವೆ ನೋಡಿ, ಗುಂಪಿನ ನಡುವೆ ನುಗ್ಗದೆ ಅಂಚಿನಲ್ಲಿ ಹಾದುಹೋಗಿ. ನಡುವೆ ನುಗ್ಗಿದರೆ ಮೀನು ಮುಳುಗುತ್ತದೆ. ಇಷ್ಟು ಗೊತ್ತಿರುವ ತಾಂಡೇಲ (ದೋಣಿ ನಡೆಸುವವ) ಇದ್ದರೆ ತುದಿಯಲ್ಲಿ ರೀಲು ಇದೆಯೋ ಮರದ ತುಂಡು ಇದೆಯೋ ಮೀನಿಗೆ ಹೇಗೆ ಗೊತ್ತಾಗಬೇಕು?

ಮಂಗಳೂರಿನ ಹಳೆ ಬಂದರಿಗೆ ಲಕ್ಷದ್ವೀಪದ ಮಂಜಿಗಳು (ಸರಕಿನ ಮರದ ಹಡಗುಗಳು) ಬರುತ್ತವಲ್ಲ, ಅದರಲ್ಲಿ ಬರುವ ಹುಡುಗರನ್ನು ಒಮ್ಮೆ ಮಾತಾಡಿಸಿ. ಅಲ್ಲಿಯ ಮಿನಿಕಾಯ್ ದ್ವೀಪದವರು ತಲೆತಲಾಂತರದಿಂದ ಟ್ಯೂನಾ ಹಿಡಿದದ್ದು ಕೋಲು, ದಾರ, ಮುಳ್ಳಿಲ್ಲದ ಗಾಳದಲ್ಲಿ. ಜೀವಂತ ಸಣ್ಣ ಮೀನು ಎರಚುತ್ತಾರೆ, ನೀರು ಚಿಮ್ಮಿಸುತ್ತಾರೆ, ಮೀನನ್ನು ಎತ್ತಿ ದೋಣಿಯೊಳಗೆ ಬೀಳಿಸುತ್ತಾರೆ. ರೀಲು ಎಂಬ ವಸ್ತುವೇ ಇಲ್ಲ. ಅದು ಟ್ರೋಲಿಂಗ್ ಅಲ್ಲ ಎಂದು ಕಮೆಂಟಿನಲ್ಲಿ ತಿದ್ದಲು ಬರುವವರು ಬರಬೇಡಿ, ನನಗೂ ಗೊತ್ತು. ಟ್ಯೂನಾ ಎಂದ ತಕ್ಷಣ ರೀಲು ಎನ್ನುವವರಿಗೆ ಈ ಮಾತು. ಪೆಸಿಫಿಕ್ ದ್ವೀಪಗಳಲ್ಲಿ ದೋಣಿಯ ಅಂಚಿಗೆ ಮರದ ಕೈರಾಟೆ ಕಟ್ಟಿಕೊಂಡು, ಸೈಕಲ್ ಟ್ಯೂಬಿನ ತುಂಡನ್ನೇ ಸ್ಪ್ರಿಂಗ್ ಮಾಡಿಕೊಂಡು ಟ್ರೋಲ್ ಮಾಡುತ್ತಾರೆ. ಹಿಡಿಯುವುದು ನಮ್ಮ ಕೇದರ್‌ಗಿಂತ ದೊಡ್ಡ ಮೀನು.

ಅದನ್ನೇ ನಾವೂ ಕಟ್ಟಿಕೊಳ್ಳಬಹುದು. ಎರಡು ಮಿಲಿಮೀಟರ್ ದಪ್ಪದ ತಂಗೂಸಿ ದಾರ ಮೂವತ್ತು ನಲವತ್ತು ಮೀಟರ್. ದಪ್ಪ ಯಾಕೆಂದರೆ ಕೈ ಕೊಯ್ಯಬಾರದು. ಅದರ ತುದಿಗೆ ಒಳ್ಳೆಯ ಸ್ವಿವೆಲ್, ಅಂದರೆ ದಾರ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ. ಮುಂದಕ್ಕೆ ಮೂರ್ನಾಲ್ಕು ಮೀಟರ್ ತೆಳು ದಾರ, ಕೊನೆಗೆ ಸುಳ್ಳುಮೀನು. ಈ ಕಡೆಯ ತುದಿಯನ್ನು ದೋಣಿಗೆ ಕಟ್ಟುವ ಮೊದಲು ನಡುವೆ ಟ್ಯೂಬಿನ ರಬ್ಬರು ಹಾಕಿ. ಮೀನು ಹೊಡೆದಾಗ ಜರ್ಕು ತಿನ್ನುವುದು ಆ ರಬ್ಬರು. ಅದು ಉದ್ದವಾದರೆ ಮೀನು ಬಿದ್ದಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಕೈಗೆ ಹತ್ತಿಯ ಗವಸು. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋದೀತು. ಎರಡು ದಾರ ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ದೋಣಿಯ ಎರಡೂ ಕಡೆ ಬಿದಿರಿನ ಗಳ ಚಾಚಿ. ಬಿದಿರಿಗೆ ಯಾರು ಇಎಂಐ ಕೇಳುತ್ತಾರೆ?

ಸುಳ್ಳುಮೀನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ನನಗೆ ಖುಷಿ ಕೊಡುವ ಕೆಲಸ ಅದು. ಅಂಗಡಿಯಲ್ಲಿ ಒಂದೊಂದಕ್ಕೆ ಸಾವಿರಾರು ರೂಪಾಯಿಯ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು ನೇತಾಡುತ್ತಿರುತ್ತವೆ. ಅವುಗಳ ಮೊದಲ ಬೇಟೆ ಮೀನಲ್ಲ, ನಾವು. ಕೇದರ್ ಬೆನ್ನು ಹತ್ತುವುದು ಬೆರಳುದ್ದದ ಮರಿಗಳನ್ನು. ಮೂರು ನಾಲ್ಕು ಇಂಚಿನ, ಬಿಳಿ ಅಥವಾ ಬೆಳ್ಳಿ ಬಣ್ಣದ, ನೇರವಾಗಿ ವೇಗವಾಗಿ ಓಡುವ ಏನಾದರೂ ಸಾಕು. ಅಕ್ಕಿಯ ಪ್ಲಾಸ್ಟಿಕ್ ಗೋಣಿಯ ಎಳೆ ಬಿಚ್ಚಿ, ಬಾಚಣಿಗೆಯಲ್ಲಿ ಬಾಚಿ, ಸಣ್ಣ ಸೀಸದ ತಲೆಯ ಹಿಂದೆ ಬಿಗಿಯಾಗಿ ಕಟ್ಟಿ. ನೀರಿಗೆ ಬಿದ್ದ ಮೇಲೆ ನೋಡಿ ಅದರ ಚಂದ! ಟೈರ್ ಅಂಗಡಿಯವರ ಹತ್ತಿರ ಚಕ್ರದ ಬ್ಯಾಲೆನ್ಸಿಗೆ ಹಾಕುವ ಹಳೆಯ ಸೀಸದ ತುಂಡು ಕೇಳಿದರೆ ಕೊಡುತ್ತಾರೆ. ಕರಗಿಸುವಾಗ ಮಾತ್ರ ಮನೆಯ ಹೊರಗೆ, ಗಾಳಿಗೆ ಬೆನ್ನು ಹಾಕಿ, ಮಕ್ಕಳನ್ನು ದೂರ ಇಟ್ಟು ಮಾಡಿ. ಅಡುಗೆಯ ಪಾತ್ರೆ ಬೇಡವೇ ಬೇಡ, ಸೀಸ ವಿಷ.

ಗರಿಯೂ ಆಗುತ್ತದೆ. ಟ್ಯೂನಾಕ್ಕೆ ಕೋಳಿಗರಿ ಕಟ್ಟುವುದು ಇಂದು ನಿನ್ನೆಯದಲ್ಲ. ನಮ್ಮ ಊರಲ್ಲಿ ಬಿಳಿ ಹುಂಜಕ್ಕೆ ಬರ ಉಂಟಾ? ಅಂಕದ ಕೋಳಿಯ ಗರಿ ಎಲ್ಲಿಂದ ತಂದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಅಮೆರಿಕದವರ ಒಂದು ಹಳೆಯ ಸುಳ್ಳುಮೀನು ಉಂಟು, ಸೀಡರ್ ಪ್ಲಗ್ ಅಂತ. ಮುಂದೆ ಸೀಸದ ಮೂತಿ, ಹಿಂದೆ ಬಣ್ಣವಿಲ್ಲದ ಮರದ ತುಂಡು, ನಡುವೆ ದಾರ ಹೋಗುವ ತೂತು, ಕೊನೆಗೆ ಒಂದು ಗಾಳ. ಕಣ್ಣಿಲ್ಲ, ರೆಕ್ಕೆ ಇಲ್ಲ. ನೋಡಿದರೆ ಮುರಿದ ಕುರ್ಚಿಯ ಕಾಲು ಎಂದುಕೊಂಡು ಒಲೆಗೆ ಹಾಕಿಬಿಡುತ್ತೀರಿ. ಆದರೆ ಎಳೆದಾಗ ಅತ್ತಿತ್ತ ಚಿಮ್ಮುತ್ತಾ ಹೋಗುತ್ತದೆ, ಟ್ಯೂನಾ ಅದನ್ನು ಬಿಡುವುದಿಲ್ಲ. ಅಲ್ಲಿಯ ಚಾರ್ಟರ್ (ಬಾಡಿಗೆ) ದೋಣಿಯವರು ಇವತ್ತಿಗೂ ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಲೇತ್ ಇರುವ ಬಡಗಿಗೆ ಇದು ಚಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಈಗ ರೀಲಿನವರ ವಾದಕ್ಕೆ ಬರುತ್ತೇನೆ. "ಅಣ್ಣಾ, 50 ಕೆಜಿಯ ಯೆಲ್ಲೋಫಿನ್ ಟ್ಯೂನಾ ಹೊಡೆದರೆ ಏನು ಮಾಡ್ತೀರಿ?" ಹುಡುಗ ಕೇಳಿದ್ದು ಇದನ್ನೇ. ಅಂಗಡಿಯವರು ಕಲಿಸಿಕೊಟ್ಟ ಪ್ರಶ್ನೆ ಅದು. ಸರಿ, ಉತ್ತರ ಕೇಳಿ. ಲಕ್ಷದ್ವೀಪದಲ್ಲಿ ಬಂಡೆಯ ಅಂಚು ದಾಟಿದರೆ ಸಾಕು, ಸಮುದ್ರ ಧಡಕ್ಕನೆ ಆಳಕ್ಕೆ ಇಳಿಯುತ್ತದೆ. ಅಲ್ಲಿ ದೊಡ್ಡ ಯೆಲ್ಲೋಫಿನ್ ದಡದ ಹತ್ತಿರವೇ ಓಡಾಡುತ್ತದೆ. ನಮ್ಮದು ಹಾಗಲ್ಲ. ಮಲ್ಪೆಯಿಂದ ತುಂಬಾ ದೂರ ಹೋದರೂ ಕೆಳಗೆ ಇನ್ನೂ ಆಳವಿಲ್ಲದ ಕೆಸರು ನೆಲ. ಆಳ ಶುರುವಾಗುವ ಜಾಗಕ್ಕೆ 9.9ರ ನಾಡದೋಣಿಯಲ್ಲಿ ಹೋಗುವವನಿಗೆ ರೀಲು ಬೇಕಾಗಿಲ್ಲ, ಇನ್ಶೂರೆನ್ಸ್ ಬೇಕು. ಅಪರೂಪಕ್ಕೆ ಹೊಡೆದೇಬಿಟ್ಟಿತು ಅನ್ನಿ. ದಾರದ ತುದಿಗೆ ಒಂದು ಬೋಯ್ (ತೇಲುಬುರುಡೆ) ಕಟ್ಟಿ ನೀರಿಗೆ ಬಿಡಿ. ಮೀನು ಅದನ್ನು ಎಳೆದು ಎಳೆದು ಸುಸ್ತಾಗುತ್ತದೆ. ಆಮೇಲೆ ಹೋಗಿ ಎತ್ತಿಕೊಳ್ಳಿ. ತಪ್ಪಿಸಿಕೊಂಡರೆ ಹೋಗಲಿ ಬಿಡಿ. ಬರದ ಮೀನಿಗಾಗಿ ಇರುವ ದುಡ್ಡು ಕಳೆಯುವುದು ಯಾವ ಬುದ್ಧಿ?

ರೀಲೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಜ ಹೇಳುತ್ತೇನೆ, ಡಬ್ಬಿ ತೆರೆದಾಗ ನನಗೂ ಆಸೆ ಆಯಿತು. ಹಿಡಿ ತಿರುಗಿಸಿ ನೋಡಿದೆ. ಬೆಣ್ಣೆಯಲ್ಲೇ ಓಡುವಷ್ಟು ನುಣುಪು. ಆ ಟಿಕ್‌ಟಿಕ್ ಸದ್ದು ಕೇಳಿದರೆ ಯಾವ ಗಾಳದವನ ಮನಸ್ಸೂ ಜಾರುತ್ತದೆ. ಆ ಜಾರುವ ಜಾಗವನ್ನೇ ನೋಡಿ ಅಂಗಡಿಯವರು ಕೈ ಹಾಕುತ್ತಾರೆ, ಸಿಟ್ಟು ಬರುವುದು ಅದಕ್ಕೆ.

ರೀಲು ಬೇಕೆಂದರೆ 30 ನಂಬರಿನ ದಾರ ಹಿಡಿಸುವ, ನಕ್ಷತ್ರದ ಆಕಾರದ ಡ್ರ್ಯಾಗ್ ಇರುವ ಹಳೆಯ ಮಾದರಿ ಹುಡುಕಿ. ಪೆನ್ ಕಂಪೆನಿಯ ಸೆನೇಟರ್ ರೀಲು 1936ರಿಂದ ಇದೆ. ಹಳೆಯದು ಸಿಕ್ಕರೆ ಒಳಗಿನ ಡ್ರ್ಯಾಗ್ ವಾಷರ್ ತೆಗೆದು ಕಾರ್ಬನ್ ವಾಷರ್ ಹಾಕಿ, ಹೊಸದಕ್ಕೆ ಸಮ ಓಡುತ್ತದೆ. ಬಿಚ್ಚಲು ದೊಡ್ಡ ಸಾಮಾನೇನೂ ಬೇಡ. ಅದಕ್ಕೆ ನೈಲಾನ್ ದಾರವನ್ನೇ ತುಂಬಿ. ನೈಲಾನ್ ಸ್ವಲ್ಪ ಹಿಗ್ಗುತ್ತದೆ, ಟ್ರೋಲಿಂಗ್‌ನಲ್ಲಿ ಆ ಹಿಗ್ಗೇ ಗಾಳವನ್ನು ಉಳಿಸುತ್ತದೆ. ಹಿಗ್ಗದ ಬ್ರೇಡ್ ದಾರಕ್ಕೆ ನಾಲ್ಕು ಪಟ್ಟು ದುಡ್ಡು ಕೊಟ್ಟು ಮೀನು ಕಳೆದುಕೊಳ್ಳುವ ಶೋಕಿ ಬೇಡ. ಡ್ರ್ಯಾಗನ್ನು ಅಂದಾಜಿನಲ್ಲಿ ತಿರುಗಿಸಬೇಡಿ, ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡಿ. ಮೀನು ಓಡಿದಂತೆ ಸ್ಪೂಲಿನ ದಾರ ಕಮ್ಮಿಯಾಗುತ್ತದಲ್ಲ, ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ ಎಳೆತ ದುಪ್ಪಟ್ಟಾಗುತ್ತದೆ. ದಾರ ತುಂಡಾಗುವುದು ಆಗಲೇ. ಆ ಹೊತ್ತಿಗೆ ಗಾಬರಿಯಾಗಿ ಇನ್ನೂ ಬಿಗಿ ಮಾಡುವವರೇ ಜಾಸ್ತಿ.

ದುಡ್ಡು ಹಾಕಬೇಕಾದ ಜಾಗ ಬೇರೆ. ಗಾಳಕ್ಕೆ ಹಾಕಿ. ಚೂಪಿಲ್ಲದ ಅಗ್ಗದ ಗಾಳ ಕಟ್ಟಿಕೊಂಡು ಲಕ್ಷದ ರೀಲು ಹಿಡಿದವರನ್ನು ನಾನು ನೋಡಿದ್ದೇನೆ. ಸ್ವಿವೆಲ್ಲಿಗೆ ಹಾಕಿ, ತಿರುಗದಿದ್ದರೆ ದಾರವೆಲ್ಲಾ ಜಡೆ. ಅಂಜಲ್ ಹಲ್ಲಿಗೆ ಸ್ಟೀಲ್ ತಂತಿ ಬೇಕು, ಸರಿ. ಟ್ಯೂನಾಕ್ಕೆ ಬೇಡ. ಅದರ ಹಲ್ಲು ಸಣ್ಣದು, ಕಣ್ಣು ಭಾರೀ ಚುರುಕು. ತಂತಿ ಕಂಡರೆ ಹತ್ತಿರ ಬರುವುದಿಲ್ಲ.

ಎಲ್ಲದಕ್ಕಿಂತ ಮೊದಲು ಐಸಿಗೆ ಹಾಕಿ ಮಾರಾಯ್ರೆ! ಹುಡುಗನ ಬಿಲ್ಲಿನಲ್ಲಿ ಬೆಲ್ಟ್ ಇತ್ತು, ಟೋಪಿ ಇತ್ತು, ಒಂದು ಒಳ್ಳೆಯ ಐಸ್ ಪೆಟ್ಟಿಗೆ ಇರಲಿಲ್ಲ. ಮಾವನದ್ದಕ್ಕೆ ಮುಚ್ಚಳವೇ ಸರಿಯಿಲ್ಲ. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಹಿಡಿದ ಕೂಡಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಹೋಗಲು ಬಿಟ್ಟು, ಐಸಿನಲ್ಲಿ ಹೂಳಬೇಕು. ಬಿಸಿಲಲ್ಲಿ ಸುಮ್ನೆ ಬಿಟ್ಟರೆ ಮಾಂಸದಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ತಲೆ ಸಿಡಿದು, ಮೈಯೆಲ್ಲಾ ತುರಿಸುತ್ತದೆ. "ಕೇದರ್ ನಂಜು" ಎಂದು ನಮ್ಮವರು ಮೀನನ್ನು ಬೈಯುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ತಪ್ಪು ಐಸ್ ಹಾಕದವರದ್ದು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಡಬ್ಬಿ ಮುಚ್ಚಿದ. ಅಂಗಡಿಗೆ ಫೋನ್ ಮಾಡಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಬೇಕಾದರೆ ಬದಲಿಗೆ ಅಷ್ಟೇ ಬೆಲೆಯ ಬೇರೆ ಸಾಮಾನು ಕೊಡುತ್ತಾರಂತೆ. ಅಷ್ಟೇ ಬೆಲೆಯ! ಒಬ್ಬನ ಜೇಬಿಗೆ ಒಮ್ಮೆ ಗಾಳ ಸಿಕ್ಕಿಸಿದ ಮೇಲೆ ಬಿಡುವುದುಂಟಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ನಾಡದೋಣಿಗೆ ನಿಷೇಧ ಇಲ್ಲದಿದ್ದರೂ ಈ ಗಾಳಿಮಳೆಗೆ ಹವ್ಯಾಸಕ್ಕೆಂದು ಕಡಲಿಗೆ ಇಳಿಯುವವನು ಹುಚ್ಚ. ಮನೆಯಲ್ಲಿ ಕೂತು ಗಾಳ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬರುವ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಕೂರುತ್ತೇವೆ, ಹುಡುಗನೂ ಬರುತ್ತಾನೆ. ಗೋಣಿ ಇದೆ, ಸೀಸ ಇದೆ, ಗರಿ ಇದೆ. ಮಂಗಳೂರು ಉಡುಪಿ ಕಡೆ ಲೇತ್ ಇರುವ, ಸಣ್ಣ ಕೆಲಸಕ್ಕೂ ಬೇಸರ ಮಾಡದ ಬಡಗಿ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ನಂಬರ್ ಕಳಿಸಿ. ಇಎಂಐ ಇಲ್ಲದ ರೀಲು ಮಾರಲು ಇದ್ದರೆ ಅದನ್ನೂ ಹೇಳಿ. 80 ನಂಬರಿನದ್ದು ಬೇಡ.