ಬಾತ್‌ರೂಮ್ ಬಜೆಟ್: ದುಡ್ಡೆಲ್ಲ ಗೋಡೆಯ ಒಳಗೇ

ಕ್ಯಾಲಿಫೋರ್ನಿಯಾದಲ್ಲಿ ಹಳೇ ಮನೆ ಕೊಂಡ ನಮ್ಮವರು ಬಾತ್‌ರೂಮ್ ಹೊಸದು ಮಾಡಿಸಲು ಹೊರಟರೆ ಮೊದಲು ನಿಲ್ಲುವುದು ಟೈಲ್ಸ್ ಅಂಗಡಿಯಲ್ಲಿ. ಅದು ಬೆಂಗಳೂರಿನ ರೂಢಿ. ಅಲ್ಲಿ ಅದು ಸರಿಯೇ. ಮೇಸ್ತ್ರಿಗೆ ಚದರಡಿ ಲೆಕ್ಕದಲ್ಲಿ ಕೂಲಿ ಕೊಟ್ಟು ಟೈಲ್ಸ್, ಕಮೋಡ್, ನಲ್ಲಿಗಳನ್ನು ನಾವೇ ತರುತ್ತೇವೆ, ಸಾಮಾನಿನದೇ ದೊಡ್ಡ ಖರ್ಚು. ಇಲ್ಲಿ ಲೆಕ್ಕ ತಲೆಕೆಳಗು: ಕೂಲಿಯೇ ದುಬಾರಿ. ಹಾಗಾಗಿ ಏನನ್ನು ಅಲುಗಾಡಿಸುವುದಿಲ್ಲ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಕಮೋಡ್ ಇದ್ದಲ್ಲೇ ಇರಲಿ. ನೆಲದಡಿ ಕಾಂಕ್ರೀಟ್ ಇರುವ ಮನೆಯಲ್ಲಿ ಅದನ್ನು ಒಂದಡಿ ಸರಿಸಬೇಕೆಂದರೂ ಕಾಂಕ್ರೀಟ್ ಕತ್ತರಿಸಿ ಪೈಪ್ ಹಾಕಿ ಮತ್ತೆ ಮುಚ್ಚಬೇಕು. ಹೊಸದನ್ನು ಕೊಳ್ಳುವ ಮುನ್ನ ಟೈಲ್ಸ್ ಮುಗಿದ ಗೋಡೆಯಿಂದ ಚರಂಡಿ ತೂತಿನ ನಡುವಿಗೆ ಎಷ್ಟಿದೆ ಅಳೆಯಿರಿ. ಸಾಮಾನ್ಯವಾಗಿ 12 ಅಂಗುಲ. ಕೆಲವು ಹಳೇ ಮನೆಗಳಲ್ಲಿ 10 ಇರುತ್ತದೆ, ಅಲ್ಲಿ 12ರ ಕಮೋಡ್ ಕೂರುವುದೇ ಇಲ್ಲ.

ಕೊಟೇಶನ್‌ನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ‘ಅಲವೆನ್ಸ್’ ಎಂಬ ಸಾಲಿಗೆ, ಅಂದರೆ ನೀವಿನ್ನೂ ಆರಿಸದ ಸಾಮಾನಿಗೆ ಗುತ್ತಿಗೆದಾರ ಅಂದಾಜಿನಲ್ಲಿ ಹಿಡಿದ ಮೊತ್ತಕ್ಕೆ. ಟಬ್ ಸುತ್ತಲಿನ ಮೂರು ಗೋಡೆ, ಒಟ್ಟು 10 ಅಡಿ ಅಗಲ, 6 ಅಡಿ ಎತ್ತರ: 60 ಚದರಡಿ. ನೆಲದ ಸುಮಾರು 30 ಸೇರಿಸಿ, ಕತ್ತರಿಸುವಾಗ ಹೋಗುವ ಶೇ 10 ಸೇರಿಸಿದರೆ ಹೆಚ್ಚುಕಡಿಮೆ 100. ಗುತ್ತಿಗೆದಾರ ಚದರಡಿಗೆ 3 ಡಾಲರ್ ಹಿಡಿದಿದ್ದು, ನಿಮಗೆ 8ರದ್ದು ಹಿಡಿಸಿದರೆ ಟೈಲ್ಸ್ ಒಂದರಲ್ಲೇ 500 ಡಾಲರ್ ಏರುತ್ತದೆ. ನಲ್ಲಿ, ವ್ಯಾನಿಟಿ (ಬೇಸಿನ್ ಕೂರುವ ಕಪಾಟು), ಲೈಟ್ ಎಲ್ಲದರಲ್ಲೂ ಇದೇ ಆಟ. ಅಗ್ಗದ ಕೊಟೇಶನ್ ಎಷ್ಟೋ ಸಲ ಅಗ್ಗವಾಗಿರುವುದು ಇದೊಂದರಿಂದಲೇ. ಸಾಮಾನುಗಳ ಮಾಡೆಲ್ ನಂಬರ್ ಬರೆದುಕೊಟ್ಟು ಆಮೇಲೆ ರೇಟ್ ಕೇಳಿ.

1978ಕ್ಕೂ ಹಿಂದಿನ ಮನೆಯಾದರೆ ಸೀಸದ ಬಣ್ಣ, ತುಕ್ಕು ಹಿಡಿದ ಜಿಐ ಪೈಪ್, ಕೊಳೆತ ಮರ, ಹೆಚ್ಚಾಗಿ ಗೋಡೆ ಒಡೆದ ಮೇಲೆ ಕಾಣುವಂಥವು. ಇದಕ್ಕೆ ಬಜೆಟ್‌ನ ಶೇ 20 ಎತ್ತಿಡಿ. ಆ ದುಡ್ಡನ್ನು ಗಾಜಿನ ಬಾಗಿಲಿಗೆ ಮುಟ್ಟಬೇಡಿ.

ಹಣ ಕೊಡುವ ವಿಷಯದಲ್ಲಿ ಮಾತ್ರ ಇಲ್ಲಿನ ಕಟ್ಟುನಿಟ್ಟು ನನಗೆ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ ಅಡ್ವಾನ್ಸ್ ಸಾಮಾನ್ಯವಾಗಿ ಒಟ್ಟು ಮೊತ್ತದ ಶೇ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಕೆಲಸದಲ್ಲಿ ಬದಲಾವಣೆಯಾದರೆ ಬರೆದು ಸಹಿ ಹಾಕಿದ ಮೇಲೆಯೇ ಮುಂದಿನ ಹೆಜ್ಜೆ. ಆದರೆ ಗುತ್ತಿಗೆದಾರ ಟೈಲ್ಸ್ ಅಂಗಡಿಗೆ ಬಾಕಿ ಉಳಿಸಿಕೊಂಡರೆ ಅಂಗಡಿಯವನು ನಿಮ್ಮ ಮನೆಯ ಮೇಲೇ ಲಿಯನ್ (ಬಾಕಿ ವಸೂಲಿಗಾಗಿ ಆಸ್ತಿಯ ಮೇಲಿನ ಕಾನೂನು ಹಕ್ಕು) ಹಾಕಬಹುದು. ಪ್ರತಿ ಕಂತಿಗೂ ಆ ಹಕ್ಕು ಬಿಟ್ಟುಕೊಡುವ ಲಿಯನ್ ರಿಲೀಸ್ ಪತ್ರ ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಅರ್ಧ ದುಡ್ಡು ಮುಂಗಡ ಕೊಟ್ಟು, “ಅದು ಬೇರೆ ಸಾರ್, ಎಕ್ಸ್‌ಟ್ರಾ ಆಗತ್ತೆ” ಎಂದು ಮೇಸ್ತ್ರಿ ಅಂದಾಗಲೆಲ್ಲ ತಲೆಯಾಡಿಸುವುದಕ್ಕಿಂತ, ಬದಲಾವಣೆಗಳನ್ನು ರೇಟ್ ಸಮೇತ ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಬಜೆಟ್ ಸೋರುವುದು ವಾಟರ್‌ಪ್ರೂಫಿಂಗ್‌ನಲ್ಲಿ. ಹಳೇ ಟೈಲ್ಸ್ ಮೇಲೆಯೇ ಹೊಸದು ಅಂಟಿಸಿದರೆ ಒಡೆಯುವ ಕೂಲಿ, ಕಸ ಸಾಗಿಸುವ ಖರ್ಚು ಎರಡೂ ಉಳಿಯುತ್ತವೆ ನಿಜ. ಆದರೆ ಕೆಳಗಿನ ಸೋರಿಕೆ ಹಾಗೇ ಉಳಿಯುತ್ತದೆ, ನೆಲ ಒಂದೂವರೆ ಸೆಂಟಿಮೀಟರ್‌ನಷ್ಟು ಏರಿ ನೀರು ರೂಮಿನ ಕಡೆ ತಿರುಗುತ್ತದೆ. ಪೂರ್ತಿ ಒಡೆಸಿ, ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ಚರಂಡಿ ತೂತು ಮುಚ್ಚಿ ಕನಿಷ್ಠ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಚಾವಣಿ ನೋಡಿ ಬಂದು ಆಮೇಲೆ ಟೈಲ್ಸ್ ಹಾಕಿಸಿ. ಮೇಸ್ತ್ರಿಯ ಕಂತನ್ನೂ ಈ ಪರೀಕ್ಷೆಗೇ ಕಟ್ಟಿಹಾಕಬೇಕು.