2032ರ ತನಕ ಬಾಳಬೇಕಿದ್ದ ಕೀಲಿಕೈ

ಕಳೆದ ಭಾನುವಾರ ಮಧ್ಯಾಹ್ನ, ಬಳ್ಳಾರಿ ಗುಡ್ಡದ ಬಂಡೆಗಳು ಕಾದ ಹೆಂಚಾಗಿದ್ದ ಹೊತ್ತಿನಲ್ಲಿ, ನಾನು ಬೆಂಗಳೂರು ರಸ್ತೆಯಲ್ಲಿ ನನ್ನದೇ ಕಾರಿನ ಮುಂದೆ ಕೈಗಡ ಕೇಳಲು ಬಂದವನಂತೆ ನಿಂತಿದ್ದೆ. ಕೈಯಲ್ಲಿ ಕೀಲಿಕೈ ಇತ್ತು. ಅದಕ್ಕೆ ಹಲ್ಲೂ ಇಲ್ಲ, ಕಡ್ಡಿಯೂ ಇಲ್ಲ. ಬಳಸಿ ಬಳಸಿ ಸವೆದ ಸೋಪಿನ ತುಂಡಿನಂತಿರುವ ಕರಿ ಪ್ಲಾಸ್ಟಿಕ್ಕನ್ನು ಕೀಲಿಕೈ ಎಂದು ಕರೆಯುವುದು ಕೇವಲ ಅಭ್ಯಾಸಬಲ. ಎಷ್ಟು ಒತ್ತಿದರೂ ಕಾರು ‘ಕುಂಯ್’ ಎನ್ನಲಿಲ್ಲ.

ಕಾರು ಕೊಂಡು ಐದು ವರ್ಷಗಳಾದವು. ಸಂಡೂರಿನ ಕಡೆಯ ಅದಿರು ಲಾರಿಗಳ ಕೆಂಧೂಳು ಕುಡಿದೂ ಅದರ ಎಂಜಿನ್ ಒಮ್ಮೆಯೂ ಕೆಮ್ಮಿಲ್ಲ. ಆದರೆ ಕೀಲಿಕೈಗೆ ಎರಡನೆಯ ವರ್ಷವೇ ಮುಪ್ಪು ಬಂತು. ರಿಂಗು ಸಿಕ್ಕಿಸುವ ಪ್ಲಾಸ್ಟಿಕ್ ಕೊಂಡಿ, ಹುಲಿಗೆಮ್ಮನ ಪದಕ ಮತ್ತು ಮನೆಯ ಎರಡು ಕೀಲಿಕೈಗಳ ಭಾರವನ್ನೂ ತಾಳದೆ ಮುರಿಯಿತು. ಮೂರನೆಯ ವರ್ಷ ಲಾಕ್ ಗುಂಡಿಯ ರಬ್ಬರು ಹರಿದು, ಒಳಗಿನ ಸಣ್ಣ ಸ್ವಿಚ್ಚು ಉದುರಲು ಕಾದ ಹಾಲುಹಲ್ಲಿನಂತೆ ಇಣುಕತೊಡಗಿತು. ಅಂದಿನಿಂದ ನಾನು ಉಗುರಿನಿಂದಲೂ ನನ್ನಾಕೆ ಸೇಫ್ಟಿ ಪಿನ್ನಿನಿಂದಲೂ ಕಾರಿಗೆ ಲಾಕ್ ಹಾಕುತ್ತಿದ್ದೇವೆ. ಬರೀ ರಬ್ಬರು ಸಿಗುವುದಿಲ್ಲ, ಇಡೀ ಕೀಲಿಕೈಯನ್ನೇ ಹೊಸದಾಗಿ ಕೊಂಡು ಪ್ರೋಗ್ರಾಂ ಮಾಡಿಸಬೇಕು ಎಂದು ಶೋರೂಮಿನವರು ಹೇಳಿದ ಬೆಲೆಯನ್ನು ಮನೆಯಲ್ಲಿ ಯಾರಿಗೂ ತಿಳಿಸಿಲ್ಲ.

ರಬ್ಬರು ಹರಿದ ಪಾಪವನ್ನು ಪೂರ್ತಿ ಕಂಪನಿಯ ತಲೆಗೇ ಕಟ್ಟುವುದೂ ನ್ಯಾಯವಲ್ಲ; ನಮ್ಮ ಮಾವನವರ ಪಾಲೂ ಇದೆ. ಜೀವನವಿಡೀ ಮನೆಗೆ ಕೀಲಿ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ, ಬೀದಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಜಗ್ಗಿ ನೋಡಿದವರು ಅವರು. ಕಾರಿನಲ್ಲಿ ಜಗ್ಗಲು ಏನೂ ಇಲ್ಲದ ಕಾರಣ ಆ ಅಭ್ಯಾಸವೆಲ್ಲ ಈ ಗುಂಡಿಯ ಮೇಲೆ ಬಿದ್ದಿದೆ. ಹತ್ತು ಹೆಜ್ಜೆ ನಡೆದು ಒಮ್ಮೆ, ರಸ್ತೆ ದಾಟಿ ಒಮ್ಮೆ, ಹೋಟೆಲಿನಲ್ಲಿ ಒಗ್ಗರಣೆ–ಮಿರ್ಚಿ ಬರುವ ತನಕ ಕಿಟಕಿಯಿಂದ ನಾಲ್ಕಾರು ಸಲ ಒತ್ತುತ್ತಾರೆ. ಕನಕ ದುರ್ಗಮ್ಮನ ಗುಡಿಯ ಸರತಿಯಲ್ಲಿ ಕೈ ಮುಗಿದುಕೊಂಡಿದ್ದಾಗಲೂ ಆ ಕೈಗಳ ನಡುವೆ ಕೀಲಿಕೈ ಇತ್ತು. ಎಲ್ಲಿಂದಲೋ ಬೇರೆ ಯಾರದೋ ಕಾರು ‘ಕುಂಯ್’ ಎಂದರೂ ಅವರಿಗೆ ಸಮಾಧಾನ.

ಭಾನುವಾರವೂ ಅವರು ಜೊತೆಗಿದ್ದರು. ಕೀಲಿಕೈಯ ಹೊಟ್ಟೆಯೊಳಗೆ ಆಪತ್ತಿಗೆಂದು ನಿಜವಾದ ಒಂದು ಕಬ್ಬಿಣದ ಕಡ್ಡಿ ಇರುತ್ತದೆ ಎಂಬುದು ನೆನಪಾಗಿ, ಅದನ್ನು ಹೊರಗೆಳೆದು, ಬಾಗಿಲಿನ ಹಿಡಿಕೆಯ ಮುಚ್ಚಳದಡಿ ನಾಚಿಕೊಂಡು ಅಡಗಿದ್ದ ರಂಧ್ರವನ್ನು ಹುಡುಕಿ ತಿರುಗಿಸಿದೆ. ಬಾಗಿಲು ತೆರೆದದ್ದೇ ತಡ, ಕಾರು ನನ್ನನ್ನೇ ಕಳ್ಳನೆಂದು ಬಗೆದು ಬೊಬ್ಬೆ ಹಾಕತೊಡಗಿತು. ಅಂಗಡಿಗಳವರೆಲ್ಲ ಹೊರಗೆ ಬಂದರು. ಪುಣ್ಯಕ್ಕೆ ಎದುರಿನ ಗಡಿಯಾರ ರಿಪೇರಿಯವನು ಓಡಿ ಬಂದು, ಕೀಲಿಕೈಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ತಿಸಿದ. ಎಂಜಿನ್ ಶುರುವಾಯಿತು, ಬೊಬ್ಬೆ ನಿಂತಿತು. ಸತ್ತಿದ್ದು ಕೀಲಿಕೈಯೊಳಗಿನ ಸೆಲ್ಲು; ಆದರೆ ಕಾರು ಗುರುತು ಹಿಡಿಯುವ, ಕೀಲಿಕೈಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಸೆಲ್ಲಿನ ಹಂಗಿಲ್ಲವಂತೆ, ಬೇಕಾದ ಚೂರು ವಿದ್ಯುತ್ತನ್ನು ಅದು ಕಾರಿನಿಂದಲೇ ಪಡೆಯುತ್ತದಂತೆ. ಇಷ್ಟು ಒಳ್ಳೆಯ ಏರ್ಪಾಡನ್ನು ಮಾಡಿದವರು ಅದನ್ನು ಯಾರೂ ತೆರೆಯದ ಕೈಪಿಡಿಯಲ್ಲಿ ಬರೆದು, ಆ ಕೈಪಿಡಿಯನ್ನು ಕಾರಿನೊಳಗೇ ಇಟ್ಟಿದ್ದಾರೆ.

ಬಳಿಕ ಅವನ ಅಂಗಡಿಯಲ್ಲಿ ಸೆಲ್ಲು ಬದಲಿಸುವ ಕೆಲಸ. ಹಳೆಯದನ್ನು ಅವನು ಚಿಮುಟದಿಂದೆತ್ತಿ ಬುಟ್ಟಿಗೆ ಎಸೆಯುವಷ್ಟರಲ್ಲಿ ಮಾವನವರು ಕೈ ಹಿಡಿದರು. ಕನ್ನಡಕವನ್ನು ಹಣೆಗೇರಿಸಿ, ಸೆಲ್ಲನ್ನು ಕಣ್ಣಿನ ಹತ್ತಿರ ತಂದು ಓದಿದರು: ‘ಸಿಆರ್ 2032’.

“ತಮ್ಮಾ, ಇಲ್ಲೇ ಬರದೈತಲ್ಲೋ, 2032ರ ತನಕ ಅಂತ. ಇನ್ನಾ ಟೈಮ್ ಇರೂದ್ನ ಯಾಕ ಒಗೀತಿ?”

“ಅದು ಇಸವಿ ಅಲ್ರೀ ಯಜಮಾನ್ರ, ಅಳತಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ.”

“ಅಳತೀನ ಇಸವಿ ಇದ್ದಂಗ ಯಾಕ ಬರೀಬೇಕು?”

ರಿಪೇರಿಯವನು ನನ್ನ ಮುಖ ನೋಡಿದ. ನನ್ನ ಬಳಿಯೂ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಪ್ರಶ್ನೆ ಸರಿಯಾಗಿಯೇ ಇದೆ ಎನಿಸಿತು.

ಕೌಲ್ ಬಜಾರಿನ ನಮ್ಮ ಹಳೆಯ ಮನೆಯ ತಲೆಬಾಗಿಲಿಗೆ ಗೇಣುದ್ದದ ಕಬ್ಬಿಣದ ಕೀಲಿಕೈ ಇತ್ತು. ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಬೀದಿಯಲ್ಲಿ ಯಾರಿಗಾದರೂ ಮೂರ್ಛೆ ಬಂದರೆ ಕೈಗೆ ಹಿಡಿಸಲು ಜನ ಅದನ್ನೇ ಕೇಳಿಕೊಂಡು ಓಡಿ ಬರುತ್ತಿದ್ದರು. ಅದರಿಂದ ಏನೂ ಗುಣವಿಲ್ಲವೆಂದು ವೈದ್ಯರು ಹೇಳುತ್ತಾರೆ, ಆ ಮಾತು ಬೇರೆ. ಮನೆ ಬಿದ್ದುಹೋಗಿ, ಬಾಗಿಲು ಯಾರ ಪಾಲೋ ಆಗಿ ಎಷ್ಟೋ ವರ್ಷಗಳಾದವು. ಕೀಲಿಕೈ ಮಾತ್ರ ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಹಿಡಿದು ಕುಳಿತಿದೆ.

ಸತ್ತ ಸೆಲ್ಲನ್ನು ಮಾವನವರು ಬಸ್ ಟಿಕೆಟ್ಟಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. 2032 ಬರಲಿ, ಶೋರೂಮಿನಲ್ಲೇ ವಿಚಾರಿಸುತ್ತಾರಂತೆ. ಹೊಸ ಸೆಲ್ಲು ಚಲೋ ಐತೋ ಇಲ್ಲೋ ಎಂದು ಮನೆ ಮುಟ್ಟುವ ಮೊದಲೇ ಹನ್ನೊಂದು ಸಲ ಒತ್ತಿ ನೋಡಿದ್ದಾರೆ.